ಕೆಂಪು ಕಾರಿನ ಬಳೆ ಸದ್ದು

ಕಿತ್ತೂರಿನ ಹೆದ್ದಾರಿಯ ಪಕ್ಕ ಗ್ಯಾರೇಜು ಇಟ್ಟುಕೊಂಡಿದ್ದ ಶಟ್ಟೆಪ್ಪ ಮಿಸ್ತ್ರಿಯ ಕಿವಿಯೆಂದರೆ ಸುತ್ತಲಿನ ಹತ್ತೂರಿಗೆ ಹೆಸರುವಾಸಿ. ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುತ್ತಾನೆಂದು ದೊಡವಾಡದಿಂದ ಟ್ರ್ಯಾಕ್ಟರು ಬರುತ್ತಿದ್ದವು, ಮುರಗೋಡದಿಂದ ಜೀಪು ಬರುತ್ತಿದ್ದವು. ಆ ಕಿವಿ ನಾಲ್ಕು ವರ್ಷದ ಹಿಂದೆಯೇ ಕೈಕೊಟ್ಟಿದೆ ಎಂಬುದು ಅವನಿಗೂ ಹೆಂಡತಿ ಲಗಮವ್ವನಿಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಹಾಗೆಂದು ಲಗಮವ್ವ ನಂಬಿದ್ದಳು.

ಬೈಲಹೊಂಗಲದ ಎಣ್ಣೆ ಗಿರಣಿಯಲ್ಲಿ ಹನ್ನೆರಡು ವರ್ಷ ಡೀಸೆಲ್ ಎಂಜಿನ್ನಿನ ಮಗ್ಗುಲಲ್ಲಿ ನಿಂತವನ ಕಿವಿ ಇನ್ನೇನಾಗಬೇಕು? ಈಗ ಅವನು ಜನರ ತುಟಿ ನೋಡಿ ಮಾತು ತಿಳಿಯುತ್ತಿದ್ದ, ತಿಳಿಯದಿದ್ದರೆ ಬಹಳ ಗಂಭೀರವಾಗಿ ತಲೆ ಅಲ್ಲಾಡಿಸುತ್ತಿದ್ದ. ಎಂಜಿನ್ನಿಗೆ ತುಟಿ ಇಲ್ಲವಲ್ಲ, ಅದಕ್ಕೆ ಲಗಮವ್ವ ಬೇಕು. ಗಿರಾಕಿ ಬಂದರೆ ಅವಳು ಶೇಂಗಾ ಸುಲಿಯುತ್ತ ಬಾಗಿಲಲ್ಲಿ ಕೂರುವಳು. ಆಮೇಲೆ ತಂಬಿಗೆ ನೀರು ಕೊಡುವ ನೆಪದಲ್ಲಿ ಹತ್ತಿರ ಹೋಗಿ, ಸದ್ದಿಲ್ಲದೆ ತುಟಿಯಲ್ಲೇ ಒಂದು ಮಾತು ಹೇಳುವಳು. ‘ಒನಕಿ’ ಎಂದರೆ ಒನಕೆ ಕುಟ್ಟಿದಂಥ ಸದ್ದು, ಒಳಗಿನ ಬೇರಿಂಗು ಸವೆದಿದೆ. ‘ರೊಟ್ಟಿ’ ಎಂದರೆ ರೊಟ್ಟಿ ತಟ್ಟಿದಂಥ ಸದ್ದು, ಪಿಸ್ಟನ್ನು ಸಡಿಲಾಗಿ ಬಡಿಯುತ್ತಿದೆ. ‘ಬಳಿ’ ಎಂದರೆ ಕೈಬಳೆಯಂಥ ಗಲಗಲ ಸದ್ದು, ಪೆಟ್ರೋಲಿಗೂ ಕಿಡಿಗೂ ಹೊಂದಾಣಿಕೆ ತಪ್ಪಿದೆ. ಎಂಜಿನ್ನಿನ ಒಳಗೆ ಏನಿದೆಯೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಒನಕೆ ಯಾವುದು ಬಳೆ ಯಾವುದು ಎಂದು ಯಾರೂ ಕಲಿಸಬೇಕಾಗಿರಲಿಲ್ಲ.

ಎಪ್ಪತ್ತೆರಡನೆಯ ಇಸವಿಯ ಚಳಿಗಾಲದ ಒಂದು ಬೆಳಿಗ್ಗೆ ಕೆಂಪು ಕಾರೊಂದು ಗುರುಗುಟ್ಟುತ್ತ ಬಂದು ನಿಂತಿತು. ಬೆಳಗಾವಿಯ ಸಾಹೇಬರೊಬ್ಬರು ಅದನ್ನು ಓಡಿಸಿಕೊಂಡು ಮದ್ರಾಸಿನ ರೇಸಿಗೆ ಹೊರಟಿದ್ದರು. ಭಾರ ಕಡಿಮೆಯಾಗಲೆಂದು ಹಿಂದಿನ ಸೀಟು ಕಿತ್ತು ಹಾಕಿದ್ದರು, ಉಳಿದದ್ದು ಎರಡೇ ಸೀಟು.

“ಏರಿನ್ಯಾಗ ಟಕಟಕ ಬಡೀತೈತ್ರಿ ಮಿಸ್ತ್ರಿ,” ಎಂದರು ಸಾಹೇಬರು. “ಬೇರಿಂಗ್ ಹೋಗೇತಿ ಅನಸ್ತೈತಿ. ಎಂಜಿನ್ ಬಿಚ್ಚಿದ್ರ ನಾಲ್ಕ ದಿನಾ ಬೇಕು, ನನ್ನ ರೇಸ್ ಹೋತು.”

ಶಟ್ಟೆಪ್ಪ ಎಂಜಿನ್ನು ಚಾಲೂ ಮಾಡಿಸಿದ. ಲಗಮವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು. ಗರ್ಜನೆ ಏನೋ ಭಾರಿ ಇತ್ತು, ಅದರೊಳಗೆ ಒನಕೆಯೂ ಇಲ್ಲ, ರೊಟ್ಟಿಯೂ ಇಲ್ಲ. ತಂಬಿಗೆ ಹಿಡಿದು ಹೋಗಿ “ಏನೂ ಇಲ್ಲ” ಎಂದು ತುಟಿ ಅಲ್ಲಾಡಿಸಿ ಬಂದಳು.

“ನಿಂತಲ್ಲೆ ಬರೂದಿಲ್ರಿ,” ಎಂದರು ಸಾಹೇಬರು. “ತೇಗೂರ ಕಡೆ ಏರು ಹತ್ತಿಸಬೇಕು. ಬರ್ರಿ, ಮಗ್ಗಲಕ್ಕ ಕುಂಡ್ರರಿ, ನೀವ ಕೇಳ್ರಿ.”

ಲಗಮವ್ವ ಶೇಂಗಾ ಬಿಟ್ಟು ಎದ್ದು ನಿಂತಳು. ಗಂಡ ಹೋದರೆ ಹೋದಷ್ಟೇ ಬಂತು, ಕಿವಿಗೆ ಏನೂ ಬೀಳುವುದಿಲ್ಲ. ಬೇರಿಂಗು ಎಂದುಬಿಟ್ಟರೆ ಗಟ್ಟಿ ಇರುವ ಎಂಜಿನ್ನನ್ನು ಸುಮ್ಮನೆ ಬಿಚ್ಚಿದಂತೆ. ಏನೂ ಇಲ್ಲ ಎಂದು ಕಳಿಸಿದರೆ, ಅಷ್ಟು ವೇಗದ ಗಾಡಿ ದಾರಿಯಲ್ಲಿ ಮುರಿದು ಬಿದ್ದರೆ ಯಾರು ದಿಕ್ಕು? ತಾನೇ ಹೋದರೋ, ನಾಳೆ ಕಿತ್ತೂರಿನಿಂದ ಸವದತ್ತಿಯವರೆಗೆ ಕಿವುಡ ಮಿಸ್ತ್ರಿಯದೇ ಸುದ್ದಿ. ಕಿವುಡನ ಹತ್ತಿರ ಯಾರು ಗಾಡಿ ತರುತ್ತಾರೆ? ಪಕ್ಕದ ಚಹಾದ ಅಂಗಡಿಯ ನಿಜಗುಣಪ್ಪ ಆಗಲೇ ಗಿರಾಕಿಗಳ ಜೊತೆ ಹೊರಗೆ ಬಂದು ನಿಂತಿದ್ದ.

ಶಟ್ಟೆಪ್ಪ ಎಂದಿನಂತೆ ತಲೆ ಅಲ್ಲಾಡಿಸುತ್ತಾನೆ ಎಂದುಕೊಂಡಳು. ಅವನು ಅಲ್ಲಾಡಿಸಲಿಲ್ಲ.

“ನನಗ ಕಿವಿ ಕೇಳೂದಿಲ್ರಿ ಸಾಹೇಬ್ರ,” ಎಂದ, ರಸ್ತೆಯ ಆಚೆಗೂ ಕೇಳಿಸುವಷ್ಟು ದೊಡ್ಡದಾಗಿ. “ಅಕೀನ್ನ ಕರಕೊಂಡ ಹೋಗ್ರಿ. ಲಗಮವ್ವಾ, ಹೋಗಿ ಬಾ.”

ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು, ಗಂಡನ ಮೇಲೆ ಪ್ರೀತಿಯೂ ಉಕ್ಕಿತು. ಜನ್ಮದಲ್ಲಿ ಕಾರು ಹತ್ತಿದವಳಲ್ಲ. ಮನೆಯ ಹೊಸ್ತಿಲು ದಾಟುವವಳಂತೆ ಚಪ್ಪಲಿ ರಸ್ತೆಯಲ್ಲೇ ಬಿಟ್ಟು, ಬರಿಗಾಲಲ್ಲಿ ಹತ್ತಿ ಕೂತಳು. ಕಾರು ಹೊರಟ ರಭಸಕ್ಕೆ ತಲೆಯ ಸೆರಗು ಹೆಗಲಿಗೆ ಬಂತು.

ಏರು ಶುರುವಾಯಿತು. ಗಲಗಲ, ಗಲಗಲ. ಅಯ್ಯೋ, ನನ್ನ ಕೈಬಳೆಯೇ ಇರಬೇಕು ಎಂದು ಎರಡೂ ಕೈಯ ಬಳೆಗಳನ್ನು ಮೇಲಕ್ಕೆ ಸರಿಸಿ, ಸೆರಗಿನಲ್ಲಿ ಸುತ್ತಿ ಬಿಗಿಯಾಗಿ ಹಿಡಿದಳು. ಸದ್ದು ನಿಲ್ಲಲಿಲ್ಲ.

“ಜೋರ ಕೊಡೂದ ಬಿಡ್ರಿ,” ಎಂದಳು. ಸಾಹೇಬರು ಕಾಲು ಸಡಿಲಿಸಿದರು, ಗಲಗಲ ನಿಂತಿತು. “ಈಗ ಕೊಡ್ರಿ.” ಮತ್ತೆ ಬಂತು. ಭಯವೆಲ್ಲ ಎಲ್ಲಿ ಹೋಯಿತೋ, ಅವಳಿಗೆ ನಗು ಬಂತು.

ತಿರುಗಿ ಬರುವಾಗ ಶಟ್ಟೆಪ್ಪ ಅವಳ ಚಪ್ಪಲಿ ಕಾಯುತ್ತ ಅದೇ ಜಾಗದಲ್ಲಿ ನಿಂತಿದ್ದ. ಈ ಸಲ ತಂಬಿಗೆಯ ನೆಪ ಬೇಕಾಗಲಿಲ್ಲ.

“ಬಳಿ!” ಎಂದು ಕಾರಿನಿಂದಲೇ ಕೂಗಿದಳು. “ಒನಕಿ ಅಲ್ಲವೇ ಅಲ್ಲರಿ, ಬಳಿ!”

ಶಟ್ಟೆಪ್ಪ ಸಾಹೇಬರ ಕಡೆ ತಿರುಗಿದ. “ಯಾವ ಪೆಟ್ರೋಲ ಹಾಕಿಸೀರಿ?”

ಸಾಹೇಬರು ಹಣೆ ಬಡಿದುಕೊಂಡರು. ರೇಸಿನ ಪೆಟ್ರೋಲು ಮುಗಿದಿತ್ತು, ಬೆಳಗಾವಿಯಲ್ಲಿ ಸಾದಾ ತುಂಬಿಸಿದ್ದರು.

“ಈ ಎಂಜಿನ್ನಿಗೆ ಸಾದಾದು ಸೇರೂದಿಲ್ರಿ. ಭಾರ ಬಿದ್ದಾಗ ಒಳಗ ತನ್ನಷ್ಟಕ್ಕ ಹೊತ್ತಿಕೊಳ್ಳಾಕ ಹತ್ತೇತಿ. ಬೇರಿಂಗ್ ಗಟ್ಟಿ ಐತಿ, ಏನೂ ಬಿಚ್ಚೂದ ಬ್ಯಾಡ,” ಎಂದ ಶಟ್ಟೆಪ್ಪ. ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಕಿಡಿ ತುಸು ತಡವಾಗಿ ಹಾರಲೆಂದು ಅದನ್ನು ಜೋಳದ ಕಾಳಿನಷ್ಟು ತಿರುಗಿಸಿದ. ಲಗಮವ್ವ ಮತ್ತೊಮ್ಮೆ ಏರು ಹತ್ತಿ ಬಂದಳು. ಈ ಸಲ ಗಲಗಲ ಎಂದದ್ದು ಅವಳ ಬಳೆ ಮಾತ್ರ.

“ಮದ್ರಾಸ್ ಮುಟ್ಟೂತನಕ ಹಗರಕ ಹೋಗ್ರಿ. ಅಲ್ಲೆ ಛಲೋ ಪೆಟ್ರೋಲ ಸಿಕ್ಕ ಮ್ಯಾಲೆ ಮತ್ತ ಮೊದಲಿನಂಗ ತಿರುಗಿಸಿಕೋರಿ,” ಎಂದ ಶಟ್ಟೆಪ್ಪ. ಸಾಹೇಬರು ಇಬ್ಬರಿಗೂ ಕೈಮುಗಿದು ಹೊರಟರು.

ಶಟ್ಟೆಪ್ಪ ಕೈ ತೊಳೆಯಲು ಬಗ್ಗಿದಾಗ ನಿಜಗುಣಪ್ಪ ಚಹಾ ತಂದ.

“ತಗೋರಿ ವೈನಿ. ಅಂತೂ ಮಿಸ್ತ್ರಿ ಇವತ್ತ ಬಾಯಿ ಬಿಟ್ರಲ್ಲ. ಯಾವಾಗ ಹೇಳ್ತಾರಂತ ನಾವೂ ಕಾಯಾಕ ಹತ್ತಿದ್ವಿ.”

“ನಿಮಗ ಗೊತ್ತಿತ್ತೇನು?”

“ಗೊತ್ತಿಲ್ದ ಏನ್ರಿ! ದೊಡವಾಡದಾವ್ರು ಮೊದಲ ನನ್ನ ಅಂಗಡಿಗೆ ಬಂದ, ವೈನಿ ಬಾಗಿಲದಾಗ ಕುಂತಾರೇನಂತ ಕೇಳತಾರ. ನೀವ ಹೂಲಿಗೆ ತವರಮನಿಗೆ ಹ್ವಾದಾಗ ಒಂದರ ಗಾಡಿ ಬರತೈತೇನು?”

ನಿಜ. ಅವಳು ಹೂಲಿಗೆ ಹೋಗಿ ಬಂದಾಗಲೆಲ್ಲ “ಈ ವಾರ ಕೆಲಸ ಇರಲಿಲ್ಲ” ಎನ್ನುತ್ತಿದ್ದ ಶಟ್ಟೆಪ್ಪ. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ಏನಂತಾನ ಅವ?” ಎಂದು ಕೇಳಿದ ಶಟ್ಟೆಪ್ಪ, ಒದ್ದೆ ಕೈ ಒರೆಸಿಕೊಳ್ಳುತ್ತ.

ಅವನೆದುರು ನಿಂತು ನಿಧಾನವಾಗಿ, ಒಂದು ಮಾತೂ ಬಿಡದೆ ಹೇಳಿದಳು. ಅವನು ತುಟಿಗೆ ಒಯ್ದ ಚಹಾದ ಕಪ್ಪನ್ನು ಕೆಳಗಿಳಿಸಿದ.

“ಅಂದ್ರ ನಾಲ್ಕ ವರ್ಷ ನಾ ಪುಕ್ಕಟ ತಲಿ ಅಲ್ಲಾಡಿಸೀನೇನು?”

ಲಗಮವ್ವ ಥೇಟು ಅವನ ಹಾಗೆಯೇ, ಬಹಳ ಗಂಭೀರವಾಗಿ, ತಲೆ ಅಲ್ಲಾಡಿಸಿದಳು.