ನಾಲ್ಕು ವಾದ್ಯಕ್ಕೆ ಒಂದೇ ಬಾಯಿ

ನಾಟಕಶಾಲೆಯ ವೇದಿಕೆಯ ಕೆಳಗಿದ್ದ ಗುಂಡಿಯಂಥ ಜಾಗದಲ್ಲಿ ಕೂತು ಅವನು ಕೊಳಲು, ಕ್ಲಾರಿನೆಟ್, ಓಬೋ, ಸ್ಯಾಕ್ಸೋಫೋನ್ ನಾಲ್ಕನ್ನೂ ಒಬ್ಬನೇ ನುಡಿಸುತ್ತಿದ್ದ. ಒಂದನ್ನಿಟ್ಟು ಇನ್ನೊಂದನ್ನು ತುಟಿಗೇರಿಸಲು ನಿರ್ದೇಶಕರು ದೊಡ್ಡ ಮನಸ್ಸು ಮಾಡಿ ಮೂರು ಸೆಕೆಂಡು ಕೊಟ್ಟಿದ್ದರು. ಉಸಿರಾಟವನ್ನೂ ಅಷ್ಟರಲ್ಲೇ ಮುಗಿಸಿಕೊಳ್ಳಬೇಕಿತ್ತು. "ಅಳಿಯಂದ್ರಿಗೆ ಒಂದೂ ನೆಟ್ಟಗೆ ಬರಲ್ಲ ಅನ್ಸುತ್ತೆ ಕಣೇ, ಅದಕ್ಕೇ ನಾಲ್ಕು ಇಟ್ಕೊಂಡಿದಾರೆ" ಎಂದು ಅವನ ಅತ್ತೆ ತಮ್ಮ ಮಗಳಿಗೆ ಹೇಳುತ್ತಿದ್ದರು.

ಒಮ್ಮೆ ತುಟಿ ಬಾತುಕೊಂಡು ಅವನು ವಾರ ರಜೆ ಹಾಕಿದ. ಬದಲಿಗೆ ನಾಲ್ವರನ್ನು ಕರೆಸಬೇಕಾಯಿತು. ಮರಳಿ ಬಂದಾಗ ವ್ಯವಸ್ಥಾಪಕರು ಬಾಗಿಲಲ್ಲೇ ಕಾಯುತ್ತಿದ್ದರು. ಈಗಲಾದರೂ ತನ್ನ ಬೆಲೆ ತಿಳಿಯಿತಲ್ಲ ಎಂದು ಅವನ ಎದೆಯುಬ್ಬಿತು.

"ಸದ್ಯ, ಬಂದ್ಯಲ್ಲಪ್ಪಾ! ಆ ನಾಲ್ಕೂ ಜನ ದಿನಾ ಜಗಳ. ಕೊಳಲಿನವನ ಮೊಣಕೈ ಓಬೋದವನಿಗೆ ತಾಗ್ತಿತ್ತಂತೆ."

"ನುಡಿಸಿದ್ದು ಹೇಗಿತ್ತು ಸಾರ್?"

"ಅದಾ? ನಿನಗಿಂತ ಚೆನ್ನಾಗೇ ಇತ್ತು. ಆದ್ರೆ ನಿನಗೆ ನಿನ್ನ ಜೊತೆ ಹೊಂದಾಣಿಕೆ ಇದೆ ನೋಡು, ಅದು ದೊಡ್ಡ ಗುಣ."

ಅವನು ಗುಂಡಿಗಿಳಿದು, ಓಬೋದ ತುದಿಗೆ ಸಿಕ್ಕಿಸಿ ಊದುವ ಜೊಂಡಿನ ರೀಡನ್ನು ನೆನೆಸಲೆಂದು ಬಾಯಿಗಿಟ್ಟುಕೊಂಡ. ಇಂಥ ಹೊಗಳಿಕೆಗೆ ಉತ್ತರ ಕೊಡುವ ಕಷ್ಟವಾದರೂ ತಪ್ಪಿತು.