ನನ್ನ ಮೇಲೆ ಕೂತು ಸುಳ್ಳಾಡಬೇಡಿ

ನಾನು ಒಂದು ಕಂಬಳಿ. ಪೇಟೆಯಲ್ಲಿ ನನ್ನನ್ನು ರಗ್ಗು ಅನ್ನುತ್ತಾರೆ. ಅನ್ನಲಿ. ಬಾಯಿಗೆ ಬಂದ ಹೆಸರಿಟ್ಟು ಕರೆದರೆ ಓಗೊಡಲು ನಾನೇನು ಸಾಕಿದ ನಾಯಿಯಲ್ಲ.

ಚಳ್ಳಕೆರೆ ಕಡೆಯ ಒಂದು ಹಟ್ಟಿಯಲ್ಲಿ, ಈರಬಡಪ್ಪನ ಗುಣಿಮಗ್ಗದಲ್ಲಿ ನಾನು ಹುಟ್ಟಿದೆ. ಅದಕ್ಕೂ ಮೊದಲು ಕುರಿಗಳ ಮೈಮೇಲಿದ್ದೆ. ಆ ಕುರಿಗಳ ವಿಷಯದಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ಒಂದು ಹಳ್ಳಕ್ಕೆ ಬಿದ್ದರೆ ಉಳಿದವೂ ಹಿಂದೆಯೇ ಬೀಳುತ್ತವೆ. ಮನುಷ್ಯರನ್ನು ಹತ್ತಿರದಿಂದ ಕಂಡ ಮೇಲೆ ಮಾತ್ರ ಕುರಿಗಳನ್ನು ಅಷ್ಟು ಬೈಯಬಾರದಿತ್ತು ಅನ್ನಿಸಿತು. ಈರಬಡಪ್ಪನ ಹೆಂಡತಿ ಮಾರಕ್ಕ ಉಣ್ಣೆ ಹಿಂಜಿ ನೂಲು ತೆಗೆದಳು. ಹುಣಸೆಬೀಜ ಹುರಿದು, ಬೀಸಿ, ಕುದಿಸಿದ ಗಂಜಿಯಂಥ ಸರಿಯನ್ನು ನೂಲಿಗೆ ಬಳಿದಳು. ಗಂಡ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಮಳೆನೀರು ಜಾರಿ ಹೋಗುವಷ್ಟು ಬಿಗಿಯಾಗಿ ನೇಯ್ದ. ಇನ್ನೇನು ಮುಗಿಯಿತು ಅನ್ನುವಾಗ ಕರಿ ನೂಲು ಸಾಲದೆ ಹೋಯಿತು. ಕೆಂದು ಬಣ್ಣದ ಕುರಿಯ ನೂಲು ತಂದು ಕೊನೆ ಮುಟ್ಟಿಸಿದರು. ಹಾಗಾಗಿ ನನ್ನ ಒಂದು ತುದಿಯಲ್ಲಿ ಬೆರಳಗಲದ ಕೆಂದುಪಟ್ಟೆ ಇದೆ. ಅದು ನನ್ನ ಮೈಯಲ್ಲಿ ನನಗೆ ತುಂಬ ಇಷ್ಟವಾದ ಜಾಗ.

ಮಗ್ಗದಿಂದ ಇಳಿಸಿದ ದಿನ ನನ್ನನ್ನು ನಾಲ್ಕು ಮಡಿಕೆ ಮಾಡಿ, ದೇವರ ಭಂಡಾರದ ಅರಿಸಿನ ಒಂದು ಚಿಟಿಕೆ ಹಾಕಿ ಕೈಮುಗಿದರು. ಆ ಹಟ್ಟಿಯಲ್ಲಿ ಕಂಬಳಿ ಅಂದರೆ ಗದ್ದುಗೆ. ನ್ಯಾಯ ಹೇಳುವ ಹಿರಿಯರು ಕೂರುವುದು ಕಂಬಳಿಯ ಮೇಲೆ. ಅದರ ಮೇಲೆ ಕೂತವರು ಸುಳ್ಳು ಹೇಳಬಾರದು ಅನ್ನುವುದು ಅವರ ಕಟ್ಟಳೆ. ಸುಳ್ಳು ಹೇಳಲೇಬೇಕಾದ ಪ್ರಸಂಗ ಬಂದರೆ? ಮನುಷ್ಯರಲ್ಲವೇ, ಅದಕ್ಕೂ ದಾರಿ ಮಾಡಿಕೊಂಡಿದ್ದರು. ಎದ್ದು, ಕಂಬಳಿಯಿಂದ ಆಚೆ ನಿಂತು ಹೇಳುತ್ತಿದ್ದರು. ಆಗ ಕೇಳುವವರಿಗೂ ಅರ್ಥವಾಗುತ್ತಿತ್ತು.

ಅಲ್ಲಿಂದ ನಾನು ಮಾರಕ್ಕನ ಜೊತೆ ತುಮಕೂರಿಗೆ ಬಂದೆ. ಒಂದು ಕಲ್ಯಾಣಮಂಟಪದಲ್ಲಿ ಕೈಮಗ್ಗದ ಮೇಳ. ಪಕ್ಕದ ಅಂಗಡಿಯಲ್ಲಿ ಬಣ್ಣಬಣ್ಣದ ರಗ್ಗೊಂದು ಮೈಚಾಚಿ ಬಿದ್ದಿತ್ತು. ಮೆಷಿನ್ನಿನ ಹೊಟ್ಟೆಯಿಂದ ಬಂದು, ಕೊರಳಿಗೆ ‘ಕೈಯಲ್ಲೇ ನೇಯ್ದದ್ದು’ ಎಂಬ ಚೀಟಿ ಕಟ್ಟಿಕೊಂಡಿತ್ತು. ಮೂಸಿದರೆ ಹೊಸ ಬಕೆಟ್ಟಿನ ವಾಸನೆ. ಅದರ ಮುಂದೆ ಜನ ಮುಗಿಬಿದ್ದಿದ್ದರು. ನನ್ನ ಹತ್ತಿರ ಬಂದವರು ಮೂಗು ಮುಚ್ಚಿಕೊಂಡು, “ಕುರಿ ವಾಸನೆ ಬರುತ್ತಲ್ರೀ” ಅಂದರು. ಕುರಿಯ ಉಣ್ಣೆಗೆ ಮಲ್ಲಿಗೆ ವಾಸನೆ ಬರಬೇಕಿತ್ತೇನೋ! ಒಬ್ಬಾಕೆಯಂತೂ ಅಂಗೈಯಲ್ಲಿ ನನ್ನನ್ನು ಉಜ್ಜಿ ನೋಡಿ, ಕೂದಲು ಉದುರುತ್ತದೆ ಎಂದು ದೂರಿದಳು. ಕಂಬಳಿಯ ಮೇಲೆ ಉಣ್ಣಲು ಕೂತು ಕೂದಲು ಆರಿಸುವವರ ಬಗ್ಗೆ ಗಾದೆ ಕೇಳಿದ್ದೆ, ಆ ದಿನ ಕಣ್ಣಾರೆ ಕಂಡೆ.

ಮೇಳದ ಕಡೆಯ ದಿನ, ಅಂಗಡಿ ಕಟ್ಟುವ ಹೊತ್ತಿಗೆ ಪ್ರಮೀಳಾ ಬಂದಳು. ಕಡಿಮೆ ಬಜೆಟ್ಟಿನಲ್ಲಿ ಕೈಮಗ್ಗದ ಉಣ್ಣೆ ರಗ್ಗು ಕೊಳ್ಳುವುದು ಹೇಗೆಂದು ಮೊಬೈಲಿನಲ್ಲಿ ನೋಡಿಕೊಂಡು ಬಂದಿದ್ದಳು. ಕಡೆಯ ದಿನವೇ ಹೋಗಬೇಕಂತೆ, ಮಾರುವವರಿಗೆ ವಾಪಸು ಹೊರುವ ಚಿಂತೆ ಇರುತ್ತದಂತೆ. ಹಿಂಬದಿ ತಿರುಗಿಸಿ ನೋಡಬೇಕಂತೆ. ಎಳೆ ಕಿತ್ತು ಸುಟ್ಟು ನೋಡಬೇಕಂತೆ. ಎಲ್ಲವನ್ನೂ ಮಾಡಿದಳು. ನನ್ನ ಎಳೆಯೊಂದನ್ನು ಬೆಂಕಿಕಡ್ಡಿಗೆ ಹಿಡಿದಾಗ ಕೂದಲು ಸುಟ್ಟ ವಾಸನೆ ಬಂತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲವೇ? ಪಕ್ಕದ ಬಣ್ಣದವನನ್ನು ಸುಟ್ಟಿದ್ದರೆ ಕರಗಿ ಬೆರಳಿಗೆ ಅಂಟುತ್ತಿದ್ದ. ಆ ಸುಖ ನೋಡುವ ಭಾಗ್ಯ ನನಗಿರಲಿಲ್ಲ.

ಆಮೇಲೆ ಅವಳ ಕಣ್ಣು ನನ್ನ ಕೆಂದುಪಟ್ಟೆಯ ಮೇಲೆ ಬಿತ್ತು.

“ಇದೇನ್ರೀ, ಇಲ್ಲಿ ಬಣ್ಣ ಬೇರೆ? ಡಿಫೆಕ್ಟ್ ಪೀಸ್ ಇದು.”

“ಡಿಪೆಕ್ಟ್ ಅಲ್ಲ ಕಣವ್ವ,” ಅಂದಳು ಮಾರಕ್ಕ. “ಕರೇ ಉಣ್ಣೆ ಸಾಲ್ದೆ ಬಂತು, ಕೆಂದುಗುರೀದು ಹಾಕ್ಕಂಡ್ವಿ. ಕುರಿ ಮೈಮ್ಯಾಲೆ ಎಂಗೈತೋ ಅಂಗೇ ಐತೆ.”

“ಅದನ್ನೇ ಡಿಫೆಕ್ಟ್ ಅನ್ನೋದು. ಕಡಿಮೆ ಮಾಡ್ಕೊಡಿ.”

ಅವಳು ಗೆದ್ದಳು. ಅಂಥವರೇ ಗೆಲ್ಲುವುದು. ಊರಿಗೆ ಹೊರಟು ನಿಂತಿದ್ದ ಲಾರಿ ನೋಡುತ್ತ ಮಾರಕ್ಕ ನನ್ನನ್ನು ಮಡಿಚಿ ಕೊಟ್ಟಳು. ಕೊಡುವಾಗ, “ಇದ್ರ ಮ್ಯಾಲೆ ಕುಂತು ಸುಳ್ಳಾಡ್ಬ್ಯಾಡ್ರಿ ಕಣವ್ವ. ಆಡೋದಿದ್ರೆ ಎದ್ದು ನಿಂತ್ಕಂಡು ಆಡ್ರಿ” ಅಂದಳು.

ಪ್ರಮೀಳಾ ನಕ್ಕುಬಿಟ್ಟಳು. “ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾವಿದನ್ನ ಒಯ್ತಿರೋದೇ ಅದಕ್ಕೆ!”

ಅವಳ ಜೊತೆ ನಾದಿನಿ ಕುಸುಮ ಬಂದಿದ್ದಳು. ಅಲ್ಲಿಯವರೆಗೆ ಸುಮ್ಮನಿದ್ದವಳು ಮುಖ ಓರೆ ಮಾಡಿ, ಬಲಗಿವಿಯನ್ನು ಮಾರಕ್ಕನ ಕಡೆ ಕೊಟ್ಟು, “ಏನಂದ್ರಿ? ಇನ್ನೊಂದ್ಸಲ ಹೇಳಿ” ಅಂದಳು. ಮಾರಕ್ಕ ಇನ್ನೊಂದು ಸಲ ಹೇಳಿದಳು. ಇಡೀ ಮೇಳದಲ್ಲಿ ನನ್ನ ವಿಷಯವಾಗಿ ಬೆಲೆಯ ಹೊರತು ಬೇರೇನಾದರೂ ಕೇಳಿದವಳು ಅವಳೊಬ್ಬಳೇ.

ನನ್ನನ್ನು ಏಕೆ ಕೊಂಡರೆಂದು ಮನೆಗೆ ಹೋದ ಮೇಲೆ ತಿಳಿಯಿತು. ಬಾಡಿಗೆ ಮನೆಯ ಹಾಲಿನ ನಡುವೆ ಕೆಂಪು ಗಾರೆನೆಲ ಬಾಯಿಬಿಟ್ಟಿತ್ತು. ಭಾನುವಾರ ಕುಸುಮಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವರಿಗೆ ಸ್ವಂತ ಮನೆ ಎಂದು ಹೇಳಿಯಾಗಿತ್ತು. ಸ್ವಂತ ಮನೆಯ ನೆಲ ಹಾಗೆ ಬಾಯಿಬಿಟ್ಟುಕೊಂಡಿದ್ದರೆ ಹೇಗೆ? ಅದರ ಬಾಯಿ ಮುಚ್ಚಲು ನಾನು ಬೇಕಿತ್ತು. ಗದ್ದುಗೆಯಾಗಬೇಕಾದವನ ಗತಿ ನೋಡಿ!

ಮುಚ್ಚಬೇಕಾದದ್ದು ಬಿರುಕು ಒಂದೇ ಅಲ್ಲ. ಕುಸುಮಳಿಗೆ ಚಿಕ್ಕಂದಿನಿಂದ ಎಡಗಿವಿ ಕೇಳಿಸುತ್ತಿರಲಿಲ್ಲ. ಯಾವ ಕುರ್ಚಿ ಎಲ್ಲಿರಬೇಕು, ಅವಳ ಬಲಗಿವಿ ನೆಂಟರ ಕಡೆಗೆ ಬರುವ ಹಾಗೆ ಅವಳು ಎಲ್ಲಿ ಕೂರಬೇಕು ಎಂದು ಪ್ರಮೀಳಾ ಶನಿವಾರವಿಡೀ ತಾಲೀಮು ಮಾಡಿಸಿದಳು.

“ಆಮೇಲೆ ಗೊತ್ತಾದ್ರೆ ಅತ್ತಿಗೆ?”

“ತಾಳಿ ಬಿದ್ಮೇಲೆ ಏನ್ ಮಾಡ್ತಾರೆ? ಡಿಫೆಕ್ಟ್ ಮೊದಲೇ ಗೊತ್ತಾದ್ರೆ ಅವರು ಕೇಳೋದು ಜಾಸ್ತಿಯಾಗುತ್ತೆ ಅಷ್ಟೆ. ನಿಮ್ಮಣ್ಣ ಎಲ್ಲಿಂದ ತರ್ತಾರೆ?”

“ಜೀವನಪೂರ್ತಿ ಕೇಳಿಸಿದೋರ ಥರ ತಲೆ ಆಡಿಸ್ಕೊಂಡಿರ್ಬೇಕಾ ನಾನು?”

ಅತ್ತಿಗೆ ಕುರ್ಚಿಯನ್ನು ಇನ್ನೊಂದಿಷ್ಟು ಓರೆ ಮಾಡಿದಳು. ಕುಸುಮ ನನ್ನ ಅಂಚಿನಲ್ಲಿ ನಿಂತಿದ್ದಳು. ಹೆಬ್ಬೆರಳಿನಿಂದ ನನ್ನ ಕೆಂದುಪಟ್ಟೆಯನ್ನು ಕೆರೆಯುತ್ತಿದ್ದಳು.

ಭಾನುವಾರ ಬಂದರು. ಗಂಡು ತಿಪ್ಪೇಸ್ವಾಮಿ, ಅವನ ತಾಯಿ, ಸೋದರಮಾವ. ಸೋದರಮಾವನ ಕಾಲುಚೀಲದ ವಾಸನೆಯ ಮುಂದೆ ನನ್ನ ಕುರಿ ವಾಸನೆ ಪನ್ನೀರು. ಎಲ್ಲರೂ ಕುರ್ಚಿಗಳಲ್ಲಿ ಕೂತು, ಕಾಲನ್ನು ಮಾತ್ರ ನನ್ನ ಮೇಲೆ ಚಾಚಿ, ಸುಳ್ಳು ಶುರುಮಾಡಿದರು. ಕುಸುಮಳ ಅಣ್ಣ ಮಹಾಲಿಂಗು ಈ ಮನೆ ಕಟ್ಟಿಸುವಾಗ ಪಟ್ಟ ಪಾಡನ್ನು ವರ್ಣಿಸಿದ. ಸಿಮೆಂಟು ಸಿಗದೆ ಅಲೆದದ್ದನ್ನೂ ಹೇಳಿದ. ಕೇಳಿದ್ದರೆ ಮನೆಯ ಮಾಲೀಕನಿಗೇ ಕಣ್ಣೀರು ಬರುತ್ತಿತ್ತು. ಸೋದರಮಾವ ಬಿಡುತ್ತಾನೆಯೇ? ಹುಡುಗನದು ಕರೆಂಟ್ ಆಫೀಸಿನಲ್ಲಿ ಪರ್ಮನೆಂಟ್ ಕೆಲಸ, ಇನ್ನೇನು ಪ್ರಮೋಷನ್ ಎಂದ. ಕುರ್ಚಿಯ ಮೇಲೆ ಕೂತವರ ಸುಳ್ಳು ನನ್ನ ಲೆಕ್ಕಕ್ಕೆ ಬರುವುದಿಲ್ಲ. ಅಂಥವರನ್ನು ಹೊರುವ ಹಣೆಬರಹ ಕುರ್ಚಿಗಳದ್ದು.

ಕುಸುಮ ಕೇಸರಿಬಾತು, ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಸೋದರಮಾವನಿಗೆ ಕೊಟ್ಟು ಮುಂದಕ್ಕೆ ತಿರುಗಿದಳು. ಅವನು ಅವಳ ಎಡಗಡೆಯಿಂದ, “ಅಡುಗೆ ನೀನೇ ಮಾಡಿದ್ದೇನಮ್ಮ?” ಎಂದ. ಅವಳಿಗೆ ಕೇಳಿಸಲಿಲ್ಲ. ಅವನು ಮತ್ತೆ ಕೇಳಿದ. ಅವಳು ತಿರುಗಲಿಲ್ಲ.

“ನಾಚಿಕೆ ಅವಳಿಗೆ,” ಎಂದು ಪ್ರಮೀಳಾ ನಕ್ಕಳು. ಆ ನಗು ಮಾರಕ್ಕ ಸರಿ ಬಳಿದು ಒಣಗಿಸಿದ ನೂಲಿನಷ್ಟು ಬಿರುಸಾಗಿತ್ತು.

ಕುಸುಮ ಎಲ್ಲರ ಮುಖ ನೋಡಿದಳು. ತಟ್ಟೆ ಕೆಳಗಿಟ್ಟಳು. ತನಗಾಗಿ ಓರೆ ಮಾಡಿಟ್ಟಿದ್ದ ಕುರ್ಚಿಯನ್ನು ಬಿಟ್ಟು ನನ್ನ ಮೇಲೆ, ಸರಿಯಾಗಿ ಕೆಂದುಪಟ್ಟೆಯ ಪಕ್ಕದಲ್ಲಿ, ಚಕ್ಕಳಮಕ್ಕಳ ಹಾಕಿ ಕೂತಳು.

“ನಾಚಿಕೆ ಅಲ್ಲ. ಎಡಗಿವಿ ಕೇಳಿಸಲ್ಲ ನಂಗೆ. ಮನೆನೂ ಬಾಡಿಗೇದು. ಈ ಕಂಬಳಿ ಮೇಲೆ ಕೂತು ಸುಳ್ಳು ಹೇಳ್ಬಾರ್ದಂತೆ, ಕೊಟ್ಟೋರು ಹೇಳಿದ್ರು.”

ಮಹಾಲಿಂಗು ತಲೆ ತಗ್ಗಿಸಿದ. ಸೋದರಮಾವ ಕೇಸರಿಬಾತು ನುಂಗಿ ಗಂಟಲು ಸರಿಮಾಡಿಕೊಂಡ. “ಪರವಾಗಿಲ್ಲ, ನಾವೇನು ಬೇಡ ಅಂತಿಲ್ಲ. ಆದ್ರೆ ಇಂಥ ವಿಷ್ಯ ಇದ್ಮೇಲೆ ಮಾತುಕತೆ ಬೇರೆ ಥರ ಆಗ್ಬೇಕಾಗುತ್ತೆ.”

ಈ ದನಿ ನನಗೆ ಚೆನ್ನಾಗಿ ಗೊತ್ತು. ಮೇಳದ ಕಡೆಯ ದಿನ ನನ್ನ ಪಟ್ಟೆಯ ಮೇಲೆ ಬೆರಳಿಟ್ಟವಳ ದನಿಯೂ ಇದೇ. ಪ್ರಮೀಳಾಳಿಗೂ ಗುರುತು ಸಿಕ್ಕಿರಬೇಕು, ಮುಖ ಕಪ್ಪಿಟ್ಟಿತು. ಒಳ್ಳೆಯದಾಯಿತು ಅಂದುಕೊಂಡೆ.

ಆಗ ತಿಪ್ಪೇಸ್ವಾಮಿ ಕುರ್ಚಿಯಿಂದ ಇಳಿದ. ಮೊದಲು ಕುಸುಮಳ ಎಡಗಡೆ ಕೂತ, ಪೆದ್ದ. ಆಮೇಲೆ ನೆನಪಾಗಿ ಮಂಡಿಯೂರಿಕೊಂಡೇ ಸುತ್ತಿ ಬಲಗಡೆಗೆ ಹೋದ.

“ನಂದೂ ಪರ್ಮನೆಂಟ್ ಅಲ್ಲ. ಕಾಂಟ್ರಾಕ್ಟು. ಪ್ರಮೋಷನ್ನೂ ಇಲ್ಲ, ಏನೂ ಇಲ್ಲ.”

“ಏಯ್ ತಿಪ್ಪೇಶ, ಮೇಲೇಳೋ!” ಎಂದು ಮಾವ ಗದರಿದ.

ಅವನು ಏಳಲಿಲ್ಲ. ಮಾವ ಕಾಲುಚೀಲ ಎಳೆದುಕೊಂಡು ಹೊರಟುಹೋದ, ಮದುವೆಗೂ ಬರಲಿಲ್ಲ. ಎರಡು ಕುಟುಂಬಕ್ಕೂ ಅದರಿಂದ ಊಟದ ಖರ್ಚು ಉಳಿಯಿತು.

ಮದುವೆಯಾಗಿ ಹೋಗುವಾಗ ಕುಸುಮ ನನ್ನನ್ನು ಅತ್ತಿಗೆಯಿಂದ ಕೇಳಿ ತೆಗೆದುಕೊಂಡು ಹೋದಳು. ಅವರ ಸಂಸಾರದ ಬಗ್ಗೆ ಹೊಗಳಿಕೆ ನಿರೀಕ್ಷಿಸಬೇಡಿ. ತಿಪ್ಪೇಸ್ವಾಮಿ ಸಾರು ಚೆಲ್ಲುವ ಜಾತಿ. ಕುಸುಮ ನನ್ನನ್ನು ಒಮ್ಮೆ ವಾಷಿಂಗ್ ಮೆಷಿನ್ನಿಗೆ ಹಾಕಿದಳು. ಹೊರಬಂದಾಗ ನಾನು ಅರ್ಧ ಕುಗ್ಗಿದ್ದೆ, ಅದನ್ನು ನಾನಿನ್ನೂ ಕ್ಷಮಿಸಿಲ್ಲ. ಇಬ್ಬರೂ ಜಗಳಗಂಟರು. ಆದರೆ ಜಗಳ ಒಂದು ಹಂತಕ್ಕೆ ಬಂದಾಗ ಅವಳು ನನ್ನನ್ನು ಹಾಸಿ, “ಬನ್ನಿ, ಕಂಬಳಿ ಮೇಲೆ ಬನ್ನಿ” ಅನ್ನುತ್ತಿದ್ದಳು. ಅವನು ಬಂದು ಬಲಗಡೆ ಕೂರುತ್ತಿದ್ದ. ಚೀಟಿ ದುಡ್ಡು ಕಳೆದದ್ದು, ಬೀಡಿ ಬಿಡಲಾಗದ್ದು, ಎಲ್ಲ ಹೊರಗೆ ಬರುತ್ತಿತ್ತು. ಮಕ್ಕಳಾಗಲಿಲ್ಲ. ಅದರ ದುಃಖವನ್ನೂ ಇಬ್ಬರೂ ನನ್ನ ಮೇಲೆ ಕೂತೇ ಆಡಿಕೊಂಡು ಮುಗಿಸಿದರು. ಕುಗ್ಗಿದ ಮೇಲೆ ಇಬ್ಬರಿಗೆ ಜಾಗ ಸಾಲದೆ ಅಂಟಿಕೊಂಡು ಕೂರಬೇಕಾಗುತ್ತಿತ್ತು. ಅವರಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ.

ಕೂದಲು ನರೆತ ಮೇಲೆ ಕುಸುಮಳಿಗೆ ಕಾಯಿಲೆ ಬಂತು. ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಬಂದರು. ರಿಪೋರ್ಟು ತರಲು ಅವನೊಬ್ಬನೇ ಹೋದ. ಮಧ್ಯಾಹ್ನ ವಾಪಸು ಬಂದಾಗ ಅವಳು ನನ್ನನ್ನು ಹಾಸಿಕೊಂಡು, ಗೋಡೆಗೆ ಒರಗಿ, ಬಲಗಡೆ ಜಾಗ ಬಿಟ್ಟು ಕೂತಿದ್ದಳು.

“ಬನ್ನಿ. ಡಾಕ್ಟ್ರು ಏನಂದ್ರು, ಹೇಳಿ.”

ತಿಪ್ಪೇಸ್ವಾಮಿ ಚಪ್ಪಲಿ ಬಿಟ್ಟ. ನನ್ನ ಅಂಚಿನವರೆಗೆ ಬಂದ. ಕೂರಲಿಲ್ಲ. ಅವನ ಹೆಬ್ಬೆರಳು ನನ್ನ ಕೆಂದುಪಟ್ಟೆಯಿಂದ ಸ್ವಲ್ಪ ಆಚೆ ನಿಂತಿತು.

“ಏನಿಲ್ವಂತೆ. ವಾಸಿಯಾಗುತ್ತಂತೆ,” ಅಂದ.

ಅವಳು ಅವನ ಕಾಲನ್ನೇ ನೋಡಿದಳು. ಆಮೇಲೆ, “ಹೌದಾ? ಸರಿ ಬಿಡಿ. ಕಾಫಿ ಮಾಡ್ತೀರಾ?” ಅಂದಳು. ಅವನು ಅಡುಗೆಮನೆಗೆ ಹೋದ. ಅವಳು ನನ್ನ ಕೂದಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬದುಕಿನುದ್ದಕ್ಕೂ ನಾನು ಸುಳ್ಳು ಹೇಳುವವರನ್ನು ಕಂಡು ಹೇಸಿದವನು. ಆ ದಿನ ಹೇಸಿಗೆಯಾಗಲಿಲ್ಲ. ದುಃಖವಾಯಿತು.

ಈಗ ಅವಳಿಲ್ಲ. ನನಗೆ ನುಸಿ ಹಿಡಿದಿದೆ, ನಡುವೆ ತೂತುಬಿದ್ದಿದೆ. ಅಂಗಡಿಗಳಲ್ಲಿ ಇನ್ನೂ ಅಗ್ಗದ ರಗ್ಗು ಹುಡುಕುವವರು ಹುಡುಕುತ್ತಲೇ ಇದ್ದಾರಂತೆ. ಹುಡುಕಲಿ, ನನಗೇನು. ತಿಪ್ಪೇಸ್ವಾಮಿ ದಿನವಿಡೀ ನನ್ನ ಮೇಲೆ ಎಡಗಡೆ ಜಾಗ ಬಿಟ್ಟು ಕೂತಿರುತ್ತಾನೆ.

ಮಧ್ಯಾಹ್ನ ಪ್ರಮೀಳಾಳ ಫೋನು ಬರುತ್ತದೆ. ಅವಳಿಗೂ ವಯಸ್ಸಾಗಿದೆ, ದನಿ ಮಾತ್ರ ಮೇಳದ ದಿನದ್ದೇ.

“ಅಣ್ಣಾ, ಊಟ ಆಯ್ತಾ? ಚೆನ್ನಾಗಿದ್ದೀರಾ?”

“ಒಂದ್ನಿಮಿಷ ಇರಮ್ಮ,” ಅನ್ನುತ್ತಾನೆ ಅವನು. ಗೋಡೆ ಹಿಡಿದು, ಮಂಡಿ ಹಿಡಿದು, ಕಷ್ಟಪಟ್ಟು ನನ್ನ ಮೇಲಿಂದ ಏಳುತ್ತಾನೆ. ಕೆಂದುಪಟ್ಟೆ ದಾಟಿ ಬರಿನೆಲದ ಮೇಲೆ ನಿಲ್ಲುತ್ತಾನೆ.

“ಆಯ್ತಮ್ಮ. ಚೆನ್ನಾಗಿದ್ದೀನಿ,” ಅನ್ನುತ್ತಾನೆ.