ಕಿಟಕಿಗೆ ಮುಖಮಾಡಿದ ಸೈಕಲ್

ಮೊಣಕಾಲು ಕೈಕೊಟ್ಟ ಮೇಲೆ ದರ್ಜಿಯ ಬೆಳಗಿನ ಓಟ ನಿಂತಿತ್ತು. ಕಾಲಿನ ಕಸುವು ಇಳಿಯದಂತೆ ಮನೆಯಲ್ಲೇ ವ್ಯಾಯಾಮದ ಸೈಕಲ್ ತುಳಿಯಬೇಕೆಂದು ಡಾಕ್ಟರು ಹೇಳಿದ್ದರು. ಹಗಲೆಲ್ಲ ಹೊಲಿಗೆ ಯಂತ್ರ ತುಳಿಯುವವನಿಗೆ ಇದು ಗಾಯದ ಮೇಲೆ ಬರೆ ಎಳೆದಂತಾಯಿತು. ಗೆಳೆಯರು ಬೀದಿಯಲ್ಲಿ ಓಡುವುದು ಕಣ್ಣಿಗೆ ಬೀಳಬಾರದೆಂದು ಅವನು ಸೈಕಲ್ಲನ್ನು ಗೋಡೆಗೆ ಮುಖಮಾಡಿ ಇಟ್ಟುಕೊಂಡ. ದಿನಾ ನಾಲ್ಕು ಸುತ್ತು ತುಳಿದು, ಬೈದುಕೊಳ್ಳುತ್ತ ಇಳಿದುಬಿಡುತ್ತಿದ್ದ.

"ಎಷ್ಟು ತುಳಿದ್ರೂ ಆ ಗೋಡೆ ಹಿಂದೆ ಹೋಗಲ್ಲ ಕಣೋ," ಎಂದ ಅಕ್ಕ, ಕಸ ಗುಡಿಸುವ ನೆಪದಲ್ಲಿ ಒಂದು ದಿನ ಸೈಕಲ್ಲನ್ನು ಕಿಟಕಿಯ ಕಡೆಗೆ ತಿರುಗಿಸಿಟ್ಟಳು.

ಮರುದಿನ ಅವನು ಮುಖ ಗಂಟಿಕ್ಕಿಕೊಂಡು ತುಳಿಯುತ್ತಿದ್ದಾಗ ಬೀದಿಯಲ್ಲಿ ಗೆಳೆಯರ ಗುಂಪು ಓಡಿ ಬಂತು. ಎಲ್ಲರಿಗಿಂತ ಮುಂದೆ, ಗಾಳಿಗೆ ತೇಲಿದಂತೆ ಓಡುತ್ತಿದ್ದವನು ಬೇಕರಿಯವನು. ದರ್ಜಿಯ ಕಾಲು ತಾನಾಗಿಯೇ ನಿಂತಿತು. ಎರಡು ವರ್ಷದಿಂದ ಆ ಡೊಳ್ಳುಹೊಟ್ಟೆಯವನು ಗುಂಪಿನ ಕೊನೆಯಲ್ಲಿ ದರ್ಜಿಯ ಪಕ್ಕದಲ್ಲೇ ಓಡುತ್ತಿದ್ದ. 'ಪಾಪ, ಒಬ್ಬನೇ ಹಿಂದೆ ಉಳೀತಾನೆ ಅಂತ ನಾನೇ ನಿಧಾನ ಓಡ್ತೀನಿ' ಎಂದು ದರ್ಜಿ ಮನೆಯಲ್ಲಿ ಕೊಚ್ಚಿಕೊಂಡದ್ದಕ್ಕೆ ಲೆಕ್ಕವಿರಲಿಲ್ಲ.

ಅಕ್ಕ ಪೊರಕೆ ಹಿಡಿದು ಕಿಟಕಿಯ ಬಳಿ ಬಂದಳು. "ನೀನು ಪಾಪ ಅಂತಿದ್ದೆಯಲ್ಲ, ಇವನೇ ತಾನೆ?"

ದರ್ಜಿ ಪೆಡಲು ಇನ್ನಷ್ಟು ಭಾರವಾಗುವಂತೆ ತಿರುಪು ಬಿಗಿ ಮಾಡಿದ. ಗುಂಪು ತಿರುವು ದಾಟಿ ಮರೆಯಾದ ಮೇಲೂ ತುಳಿದೇ ತುಳಿದ. ಬನಿಯನ್ ಬೆವರಿನಲ್ಲಿ ತೊಯ್ದು ಹೋದ ಮೇಲೆ ಮೆಲ್ಲಗೆ ಹೇಳಿದ:

"ಸೈಕಲ್ ಇಲ್ಲೇ ಇರಲಿ ಅಕ್ಕಾ. ನಾನು ವಾಪಸ್ ಹೋದಾಗ ಅವನು ನನಗೋಸ್ಕರ ನಿಧಾನ ಓಡಬಾರದು."